ಮೇ ತಿಂಗಳ ಗುಡ್ ಟೈಮು

ಮನುಷ್ಯನಿಗೆ ಗೊತ್ತಿಲ್ಲದ ವಿಷಯಗಳಿಂದ ಅಂಥ ಅಪಾಯವೇನೂ ಇಲ್ಲ. ಗೊತ್ತಿಲ್ಲ ಎನ್ನುವುದು ಗೊತ್ತಿರುತ್ತದೆ, ಬಾಯಿ ಮುಚ್ಚಿಕೊಂಡಿರುತ್ತಾನೆ. ಕೈಕೊಡುವುದು ಗೊತ್ತಿದೆ ಎಂದು ನಂಬಿಕೊಂಡ ವಿಷಯಗಳು. ನನ್ನ ಮಟ್ಟಿಗೆ ಅಂಥವು ಎರಡಿದ್ದವು. ಒಂದು ಇಂಗ್ಲಿಷು, ಇನ್ನೊಂದು ನನ್ನ ಹೆಂಡತಿ. ಎರಡೂ ಸೇರಿಕೊಂಡು ಒಂದೇ ಸಂಜೆ, ಒಂದೇ ಕೋಣೆಯಲ್ಲಿ, ನನ್ನ ಮಗಳ ವಯಸ್ಸಿನ ಹುಡುಗ ಹುಡುಗಿಯರ ಎದುರಿಗೆ ಕೈಕೊಟ್ಟವು. ಆ ಕಥೆಯನ್ನು ಯಾರ ಹತ್ತಿರವೂ ಹೇಳಬಾರದು ಅಂದುಕೊಂಡಿದ್ದೆ. ಆದರೆ ನನ್ನ ಮಗಳು ಈಗಾಗಲೇ ದಿಲ್ಲಿಯ ನಮ್ಮ ಬಡಾವಣೆ ಜನಕಪುರಿಯ ಅರ್ಧ ಜನಕ್ಕೆ ಹೇಳಿಯಾಗಿದೆ. ಇನ್ನು ನಾನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮೊದಲು ಇಂಗ್ಲಿಷಿನ ವಿಷಯ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ, ಈಗ ಸೆಕ್ಷನ್ ಆಫೀಸರ್ ಎಂಬ ಹಲಗೆಯ ಹಿಂದೆ ಕೂತಿರುವವನು ನಾನು. ಇಷ್ಟು ವರ್ಷ ಇಂಗ್ಲಿಷಿನಲ್ಲೇ ಬರೆದಿದ್ದೇನೆ. ಯಾವ ತಕರಾರು ಬಂದರೂ ‘ದಿ ಮ್ಯಾಟರ್ ಈಸ್ ಅಂಡರ್ ಎಕ್ಸಾಮಿನೇಷನ್’ ಎಂದು ಬರೆದು ಎದುರಾಳಿಯನ್ನು ಸುಸ್ತು ಮಾಡಿದ್ದೇನೆ. ‘ಪ್ಲೀಸ್ ಫೈಂಡ್ ಎನ್‌ಕ್ಲೋಸ್ಡ್’ ಎಂದು ನಾನು ಬರೆದರೆ ಅದರ ಜೊತೆ ಏನೂ ಇಡದಿದ್ದರೂ ನಡೆಯುತ್ತಿತ್ತು, ಅಷ್ಟು ಗತ್ತು. ಹೀಗಾಗಿ ನನಗೆ ಇಂಗ್ಲಿಷ್ ಬರುತ್ತದೆ ಎಂಬುದರ ಬಗ್ಗೆ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಮಗಳು ಮೇಘನಾ ಒಬ್ಬಳನ್ನು ಬಿಟ್ಟು. ಅವಳು ದಿಲ್ಲಿಯಲ್ಲೇ ಹುಟ್ಟಿ ಬೆಳೆದವಳು. ಒಂದೇ ವಾಕ್ಯದಲ್ಲಿ ಮೂರು ಭಾಷೆ ಓಡಿಸುತ್ತಾಳೆ. “ಪಪ್ಪಾ, ನೀವು ಇಂಗ್ಲಿಷ್ ಮಾತಾಡಿದ್ರೆ ಐಸಾ ಲಗ್‌ತಾ ಹೈ, ಯಾರೋ ಫೈಲ್ ಓದ್ತಿದಾರೆ ಅಂತ” ಎನ್ನುತ್ತಾಳೆ. ಅಸೂಯೆ ಎಂದು ಸುಮ್ಮನಿದ್ದೆ.

ಇನ್ನು ಹೆಂಡತಿಯ ವಿಷಯ. ಶಾರದಾ ಮದುವೆಯಾಗಿ ದಿಲ್ಲಿಗೆ ಬಂದಾಗ ಅವಳಿಗೆ ಹಿಂದಿಯಲ್ಲಿ ‘ನಹೀ’ ಒಂದೇ ಬರುತ್ತಿತ್ತು. ಅದೊಂದರಲ್ಲೇ ತರಕಾರಿ ಭಯ್ಯಾನನ್ನು ಮಣಿಸುತ್ತಿದ್ದಳು. ಈಗ ಅವಳ ಹಿಂದಿ ಕೇಳಿ ಕೆಳಗಿನ ಮನೆಯ ಒಡತಿ, ಪಂಜಾಬಿ ಆಂಟಿಯೇ, ಅಹಹಾ ಎನ್ನುತ್ತಾರೆ. ನಾನಿನ್ನೂ ಆಟೋದವನ ಹತ್ತಿರ ಸ್ತ್ರೀಲಿಂಗ ಪುಲ್ಲಿಂಗ ತಡಕಾಡುತ್ತಿರುತ್ತೇನೆ. ಹೋದ ವರ್ಷದಿಂದ ಶಾರದಾ ನಮ್ಮ ಬೀದಿಯ ಕೊನೆಯ ಪ್ಲೇಸ್ಕೂಲಿಗೆ ಬೆಳಗಿನ ಹೊತ್ತು ಹೋಗಿ ಚಿಳ್ಳೆಪಿಳ್ಳೆಗಳನ್ನು ನೋಡಿಕೊಳ್ಳುತ್ತಿದ್ದಳು. ಯಾರಾದರೂ ಕೇಳಿದರೆ ನಾನು, “ಏನೋ ಟೈಮ್ ಪಾಸ್, ಹೋಗಿಬರ್ತಾಳೆ” ಎಂದು ದೊಡ್ಡ ಮನಸ್ಸು ಮಾಡಿ ಹೇಳುತ್ತಿದ್ದೆ. ಒಂದು ದಿನ ಅವಳು, “ರೀ, ಸ್ಕೂಲಿನವರು ನನ್ನನ್ನೇ ಇನ್‌ಚಾರ್ಜ್ ಮಾಡ್ತಾರಂತೆ. ಮಕ್ಕಳ ತಂದೆತಾಯಿ ಹತ್ರ ಇಂಗ್ಲಿಷಲ್ಲಿ ಮಾತಾಡೋಕೆ ಬರ್ಬೇಕಂತೆ, ಅಷ್ಟೆ. ಲಕ್ಷ್ಮೀ ನಗರದಲ್ಲಿ ಕ್ಲಾಸ್ ಇದೆ, ಮೇಘನಾ ನೋಡ್ಕೊಂಡು ಬಂದಿದಾಳೆ” ಎಂದಳು. ನಾನು ನಕ್ಕೆ. ಮನೆಯಲ್ಲೇ ಬಾವಿ ಇಟ್ಟುಕೊಂಡು ಊರಾಚೆ ನೀರಿಗೆ ಹೋಗುವುದೇ? “ನಾನು ಕಲಿಸ್ತೀನಿ ಕೂತ್ಕೊ” ಎಂದೆ. ಎರಡು ದಿನ ಕೂತಳು. ಮೂರನೆಯ ದಿನ, “ನೀವು ಕಲಿಸಿದ್ದನ್ನ ಆ ಮಕ್ಕಳ ತಾಯಂದಿರ ಹತ್ರ ಹೇಳಿದ್ರೆ, ಕೋರ್ಟಿಂದ ನೋಟಿಸ್ ಬಂತೇನೋ ಅಂತ ಹೆದರ್ಕೋತಾರೆ” ಎಂದು ಎದ್ದುಹೋದಳು.

ಜನಕಪುರಿಯಿಂದ ಲಕ್ಷ್ಮೀ ನಗರಕ್ಕೆ ಹೋಗುವುದೆಂದರೆ ಮೆಟ್ರೋದಲ್ಲಿ ಇಡೀ ದಿಲ್ಲಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ಸೀಳಿಕೊಂಡು ಹೋದಂತೆ. ಸಂಜೆಯ ಹೊತ್ತು, ಆ ಜನಜಂಗುಳಿ. ಒಬ್ಬಳನ್ನೇ ಹೇಗೆ ಕಳಿಸುವುದೆಂದು ಕಾವಲಿಗೆ ನಾನೂ ಹೊರಟೆ. ನಿಜ ಹೇಳುವುದಾದರೆ ರಾಜೀವ್ ಚೌಕದ ನೂಕುನುಗ್ಗಲಲ್ಲಿ ನನ್ನನ್ನು ಬಾಗಿಲ ಹತ್ತಿರದಿಂದ ಒಳಕ್ಕೆ ಎಳೆದುಕೊಂಡವಳು ಅವಳೇ. ಕ್ಲಾಸು ಮೊಮೊ ಅಂಗಡಿಯೊಂದರ ಮೇಲೆ. ಮೆಟ್ಟಿಲೇರುವಷ್ಟರಲ್ಲಿ ಹತ್ತು ಕೋಚಿಂಗ್ ಸೆಂಟರುಗಳ ಜಾಹೀರಾತು ಓದಿ ಅರ್ಧ ವಿದ್ವಾಂಸರಾಗಿರುತ್ತೇವೆ. ಪಾಠ ಹೇಳುವ ನೇಹಾ ಮೇಡಂಗೆ ಇಪ್ಪತ್ತೈದು ದಾಟಿರಲಿಕ್ಕಿಲ್ಲ. “ಅಂಕಲ್, ಸುಮ್ಮನೆ ಕೂರೋ ಹಾಗಿಲ್ಲ, ಸೇರಿಕೊಳ್ಳಿ” ಎಂದು ಹಿಂದಿಯಲ್ಲಿ ಹೇಳಿದರು. ಸೇರಿಕೊಂಡೆ. ಹುಲಿ ಕುರಿಗಳ ಶಾಲೆಗೆ ಸೇರಿದಂತೆ ಮೀಸೆ ಸವರಿಕೊಂಡು ಮೊದಲ ಬೆಂಚಿನಲ್ಲಿ ಕೂತೆ. ಮೇಡಂ ಎಲ್ಲರಿಗೂ, ಭಾನುವಾರ ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಸರದಿ ಬಂದಾಗ ಎದ್ದು ನಿಂತು, “ಸಂಡೇ ವಾಸ್ ಡ್ಯೂಲಿ ಅವೈಲ್ಡ್” ಎಂದೆ. ಭಾನುವಾರವನ್ನು ನಿಯಮಾನುಸಾರ ಬಳಸಿಕೊಳ್ಳಲಾಯಿತು ಎಂದರ್ಥ. ಇಡೀ ಕ್ಲಾಸು ಗೊಳ್ಳೆಂದಿತು. ನನ್ನ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡಳು. ಮರುದಿನದಿಂದ ನಾನು ಕೊನೆಯ ಬೆಂಚಿಗೆ ಹೋದೆ.

ಮೇಡಂ ಆ ವಾರ ತೆಗೆದುಕೊಂಡದ್ದು ಟೈಮಿನ ಪಾಠ. ಗಡಿಯಾರ ನೋಡಿ ಗಂಟೆ ಹೇಳುವ ಪಾಠವಲ್ಲ. ಇಂಗ್ಲಿಷಿನವರು ಸುಖ ದುಃಖ ಎರಡನ್ನೂ ಟೈಮಿನ ತಲೆಗೇ ಕಟ್ಟುತ್ತಾರೆ. ಸುಖವಾಗಿದ್ದರೆ ‘ಗುಡ್ ಟೈಮ್’. ಪ್ರಾಣ ಹಿಂಡುತ್ತಿದ್ದರೆ ‘ಹಾರ್ಡ್ ಟೈಮ್’. ಖುಷಿಯಲ್ಲಿ ಹೊತ್ತು ಹೋದದ್ದೇ ತಿಳಿಯದಿದ್ದರೆ ಟೈಮಿಗೆ ರೆಕ್ಕೆ ಬಂದು ‘ಟೈಮ್ ಫ್ಲೈಸ್’. ಜನ್ಮದಲ್ಲಿ ಅಂಥ ಸಂತೋಷ ಮತ್ತೆ ಸಿಗದು ಅನ್ನಿಸಿದರೆ ‘ಹ್ಯಾಡ್ ದ ಟೈಮ್ ಆಫ್ ಮೈ ಲೈಫ್’. ನಾನು ಇದನ್ನೆಲ್ಲ ಕೇಳಿ ಅವಾಕ್ಕಾದೆ. ನನ್ನ ಸರ್ವಿಸಿನಲ್ಲಿ ಟೈಮ್ ಎಂಬ ಪದ ‘ಎಕ್ಸ್‌ಟೆನ್ಷನ್ ಆಫ್ ಟೈಮ್’ ಬಿಟ್ಟು ಬೇರೆಲ್ಲೂ ಬಂದಿರಲಿಲ್ಲ. ನಮ್ಮಲ್ಲೂ ‘ನನ್ನ ಟೈಮ್ ಸರಿ ಇಲ್ಲ ಕಣ್ರೀ’ ಎನ್ನುತ್ತೇವೆ ನಿಜ, ಆದರೆ ಅದನ್ನು ಶನಿಮಹಾತ್ಮನ ಲೆಕ್ಕಕ್ಕೆ ಹಾಕಿ ಎಳ್ಳುದೀಪ ಹಚ್ಚಿ ಕೈತೊಳೆದುಕೊಳ್ಳುತ್ತೇವೆ. ಇಂಗ್ಲಿಷಿನವರು ಪಾಪ, ಎದ್ದು ನಿಂತು ತಾವೇ ಹೇಳಬೇಕು. ಮೇಡಂ ಮನೆಪಾಠ ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಬಾಳಿನ ಒಂದು ಒಳ್ಳೆಯ ಅನುಭವ, ಒಂದು ಕೆಟ್ಟ ಅನುಭವ ಹೇಳಬೇಕು. ಟೈಮಿನ ಮಾತುಗಳನ್ನೇ ಬಳಸಬೇಕು. “ಸುಳ್ಳು ಬೇಡ. ನಿಜವಾದದ್ದು ಹೇಳಿದರೆ ಇಂಗ್ಲಿಷ್ ತಾನಾಗಿ ಬರುತ್ತೆ” ಎಂದರು. ನನಗೆ ಒಳ್ಳೆಯದು ಕೆಟ್ಟದು ಎರಡೂ ತುದಿನಾಲಿಗೆಯಲ್ಲೇ ಇದ್ದವು. ಹುಡುಕುವ ಪ್ರಶ್ನೆಯೇ ಇರಲಿಲ್ಲ.

ಇಲ್ಲಿ ನಮ್ಮ ಮೇ ತಿಂಗಳ ಬಗ್ಗೆ ಹೇಳಬೇಕು. ದಿಲ್ಲಿಯಲ್ಲಿ ನೌಕರಿ ಮಾಡುವ ನಮ್ಮಂಥ ಕನ್ನಡದವರಿಗೆ ವರ್ಷ ಶುರುವಾಗುವುದು ಯುಗಾದಿಗಲ್ಲ, ಊರಿಗೆ ಹೋಗುವ ಟಿಕೆಟ್ ಸಿಕ್ಕ ದಿನ. ಟಿಕೆಟ್ ಸಿಕ್ಕ ಕೂಡಲೇ ಸರೋಜಿನಿ ನಗರದ ಮಾರ್ಕೆಟ್ಟಿಗೆ ದಾಳಿ. ಊರಿನವರಿಗೆಲ್ಲ ಏನಾದರೂ ಒಯ್ಯಬೇಕಲ್ಲ. ನಾನು ಹೋಗುವುದು ಚಿತ್ರದುರ್ಗಕ್ಕೆ, ಮೇ ತಿಂಗಳಲ್ಲಿ. ಕೋಟೆಯ ಕಲ್ಲು ಮುಟ್ಟಿದರೆ ದೋಸೆ ಹುಯ್ಯಬಹುದು. ಅಂಥ ಊರಿಗೆ ನಾನು ಪ್ರತಿವರ್ಷ ಸ್ವೆಟರ್ ಒಯ್ಯುತ್ತೇನೆ. ‘ದಿಲ್ಲಿ ಸ್ವೆಟರ್’ ಅಂದರೆ ಊರಲ್ಲಿ ಹೆಸರು. ಯಾರೂ ಅದನ್ನು ಹಾಕಿಕೊಂಡದ್ದು ನಾನು ಕಂಡಿಲ್ಲ, ಯಾರೂ ಬೇಡ ಅಂದದ್ದನ್ನೂ ಕೇಳಿಲ್ಲ. ಎರಡು ರಾತ್ರಿ ರೈಲಿನಲ್ಲಿ ಬೆವರಿ, ದುರ್ಗದ ನಮ್ಮ ಮನೆಯ ಜಗಲಿ ಮೇಲೆ ಕೂತೆನೆಂದರೆ ಸಾಕ್ಷಾತ್ ಕೈಲಾಸ. ತಮ್ಮ ಶ್ರೀನಾಥ, ಅವನ ಹೆಂಡತಿ ಗಿರಿಜ, ಮಕ್ಕಳು. ನಾವು ಬಂದೆವೆಂದು ಸುದ್ದಿ ತಿಳಿದು ದಾಯಾದಿಗಳು, ನನ್ನ ಜೊತೆ ಓದಿದವರು, ದಿಲ್ಲಿಯಲ್ಲಿ ಮಗನಿಗೆ ಒಂದು ಕೆಲಸ ನೋಡಿ ಎನ್ನುವವರು. ನಾನು ಜಗಲಿಯಿಂದ ಏಳುವುದೇ ಇಲ್ಲ. ಕೂತಲ್ಲಿಂದಲೇ “ಶಾರದಾ, ನಾಲ್ಕು ಕಾಫಿ” ಎಂದರೆ ಬರುತ್ತದೆ. ಸ್ವಲ್ಪ ಹೊತ್ತಿಗೆ “ಇನ್ನಿಬ್ಬರು ಬಂದ್ರು ನೋಡೆ” ಎಂದರೆ ಅದೂ ಬರುತ್ತದೆ. ಸಂಜೆ ಮಂಡಕ್ಕಿ, ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ. ರಾತ್ರಿ ಊಟಕ್ಕೆ ಎಷ್ಟು ಎಲೆ ಬೀಳುತ್ತವೆಂದು ಯಾರೂ ಲೆಕ್ಕ ಇಡುವುದಿಲ್ಲ. ಇದು ನನ್ನ ಒಳ್ಳೆಯ ಅನುಭವ. ಕೆಟ್ಟ ಅನುಭವ ಯಾವುದೆಂದರೆ, ಇದೆಲ್ಲ ಮುಗಿದು, ಚಟ್ನಿಪುಡಿ ಹಪ್ಪಳಗಳ ಚೀಲ ಹೊತ್ತು ದಿಲ್ಲಿ ಸ್ಟೇಷನ್ನಿನಲ್ಲಿ ಇಳಿಯುವ ದಿನ. ಆ ಬಿಸಿಗಾಳಿ, ಆ ಧೂಳು, ಬೀಗ ಹಾಕಿದ್ದ ಮನೆಯ ಮುಗ್ಗಲು ವಾಸನೆ. ಸಾವಿನ ಮನೆಗೆ ಹೋದವನ ಮುಖ ಹೊತ್ತು ಆ ದಿನವೇ ಕಚೇರಿಗೆ ಹೋಗುತ್ತೇನೆ.

ಈ ವರ್ಷ ಇದಕ್ಕೆಲ್ಲ ಒಂದು ಕೊನೆ ಕಾಣಿಸುವ ಸಂಭ್ರಮದಲ್ಲಿದ್ದೆ. ನನಗೆ ನಿವೃತ್ತಿ ಹತ್ತಿರ ಬರುತ್ತಿದೆ. ದುರ್ಗದ ಮನೆಯ ಮೇಲೆ ನಮಗಾಗಿ ಎರಡು ಕೋಣೆ ಎತ್ತಿಸುವುದು, ನಿವೃತ್ತಿಯಾದ ಮೇಲೆ ಅಲ್ಲಿಗೇ ಹೋಗಿ ಇದ್ದುಬಿಡುವುದು ಎಂದು ನಾನು ತೀರ್ಮಾನಿಸಿದ್ದೆ. “ಆಷಾಢಕ್ಕೆ ಮುಂಚೆ ಶುರು ಮಾಡ್ಬೇಕು, ಅಣ್ಣ. ಮೇಸ್ತ್ರಿ ಕಾಯ್ತಿದಾನೆ, ಒಂದು ಮಾತು ಹೇಳಿಬಿಡು” ಎಂದು ಶ್ರೀನಾಥ ಫೋನು ಮಾಡುತ್ತಿದ್ದ. ನಾನು ಎಲ್ಲರ ಹತ್ತಿರ, “ನನಗೇನು, ಎಲ್ಲಿದ್ರೂ ಆಗುತ್ತೆ. ಪಾಪ ಶಾರದಾ, ಈ ದಿಲ್ಲಿಯಲ್ಲಿ ಎಷ್ಟು ವರ್ಷ ಅಂತ ಕಷ್ಟಪಡ್ತಾಳೆ, ಅವಳಿಗೋಸ್ಕರ ಊರಿಗೆ ಹೋಗ್ತಿದೀವಿ” ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಹೇಳುವಾಗ ನನ್ನ ಗಂಟಲು ಒಂದಿಷ್ಟು ಗದ್ಗದವಾಗುತ್ತಿತ್ತು ಕೂಡ. ಎಂಥ ಗಂಡ, ಎಂದು ನನಗೇ ಅನ್ನಿಸುತ್ತಿತ್ತು. ಅವಳ ಹತ್ತಿರವೂ ಹೇಳಿದ್ದೆ. ಅವಳು, “ಹ್ಞೂ, ನೋಡೋಣ” ಎಂದಿದ್ದಳು. ಸಂತೋಷಕ್ಕೆ ಮಾತು ಹೊರಡಲಿಲ್ಲ ಅಂದುಕೊಂಡಿದ್ದೆ.

ಮನೆಪಾಠ ಒಪ್ಪಿಸುವ ಸಂಜೆ ಬಂತು. ನಾನು ಬಚ್ಚಲುಮನೆಯಲ್ಲಿ ನಿಂತು ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದೆ. ‘ಎವ್ರಿ ಮೇ, ವಿ ಹ್ಯಾವ್ ದ ಟೈಮ್ ಆಫ್ ಅವರ್ ಲೈವ್ಸ್ ಇನ್ ಮೈ ನೇಟಿವ್ ಪ್ಲೇಸ್’ ಎಂದು ಶುರು. ಗತ್ತಿನ ಶುರುವೇ. ಮೇಡಂ ಮೊದಲು ಶಾರದಾಳನ್ನು ಎಬ್ಬಿಸಿದರು. ಅವಳು ಸೆರಗು ಸರಿಮಾಡಿಕೊಂಡು ನಿಂತಳು. ಪಾಪ, ತಡವರಿಸಿದರೆ ಹಿಂದಿನಿಂದ ಪಿಸುಗುಟ್ಟೋಣ ಎಂದು ನಾನು ಮುಂದಕ್ಕೆ ಬಾಗಿದ್ದೆ.

ಅವಳು ತಡವರಿಸಲಿಲ್ಲ. ಸಣ್ಣ ಸಣ್ಣ ವಾಕ್ಯ, ನಿಧಾನವಾಗಿ. ಅವಳ ಇಂಗ್ಲಿಷನ್ನು ಕನ್ನಡಕ್ಕೆ ತಂದು ಹೇಳುವುದಾದರೆ ಹೀಗಿತ್ತು: “ಪ್ರತಿ ಮೇ ತಿಂಗಳು ನಾವು ನನ್ನ ಗಂಡನ ಊರಿಗೆ ಹೋಗುತ್ತೇವೆ. ಅಲ್ಲಿ ನನಗೆ ಹಾರ್ಡ್ ಟೈಮ್. ಅಡಿಗೆಮನೆಯಲ್ಲಿ ಫ್ಯಾನ್ ಇಲ್ಲ. ಬೆಳಿಗ್ಗೆ ಒಲೆ ಹಚ್ಚಿದರೆ ರಾತ್ರಿ ಆರಿಸುತ್ತೇವೆ. ನೆಂಟರು ಬರುತ್ತಾರೆ, ಹೋಗುತ್ತಾರೆ, ಇನ್ನೂ ಬರುತ್ತಾರೆ. ಮಧ್ಯಾಹ್ನ ಮಾಳಿಗೆ ಮೇಲೆ ಹಪ್ಪಳ. ನನ್ನ ಗಂಡ ಜಗಲಿ ಮೇಲೆ ಕೂತು ಕಾಫಿ ಕಾಫಿ ಅನ್ನುತ್ತಾರೆ. ಅವರಿಗೆ ಟೈಮ್ ಫ್ಲೈಸ್. ನನ್ನ ಟೈಮಿಗೆ ರೆಕ್ಕೆ ಇಲ್ಲ, ಕಾಲೂ ಇಲ್ಲ.” ಕ್ಲಾಸು ನಕ್ಕಿತು. ನಾನೂ ನಕ್ಕೆ. ಯಾರ ಗಂಡನ ಬಗ್ಗೆಯೋ ಹೇಳುತ್ತಿದ್ದಾಳೆ ಎಂಬಂತೆ ನಕ್ಕೆ. ನಾಲ್ಕು ಹುಡುಗರು ಹಿಂದೆ ತಿರುಗಿ ನನ್ನನ್ನು ನೋಡಿದಾಗ ಬಾಯಿ ಮುಚ್ಚಿತು.

“ಮತ್ತೆ ಗುಡ್ ಟೈಮ್, ಆಂಟಿ?” ಎಂದರು ಮೇಡಂ. “ಊರಿಂದ ವಾಪಸ್ ಬರುವ ದಿನ” ಎಂದಳು. “ಮನೆ ತುಂಬ ಧೂಳು. ಫ್ರಿಜ್ಜಿನಲ್ಲಿ ಏನೂ ಇಲ್ಲ. ಗಂಡ ಆಫೀಸಿಗೆ ಹೋಗುತ್ತಾರೆ, ಮಗಳು ಮಲಗುತ್ತಾಳೆ. ನಾನು ಬ್ಯಾಗ್ ಬಿಚ್ಚುವುದಿಲ್ಲ. ಕಸ ಗುಡಿಸುವುದಿಲ್ಲ. ಒಂದು ಕಪ್ ಟೀ ಮಾಡುತ್ತೇನೆ. ಒಂದೇ ಕಪ್. ಬಾಲ್ಕನಿಯಲ್ಲಿ ಕೂತು ಕುಡಿಯುತ್ತೇನೆ. ಕೆಳಗಿನ ಆಂಟಿ, ಆ ಗಯೀ ಶಾರದಾ, ತೇರೇ ಬಿನಾ ಗಲೀ ಸೂನೀ ಥೀ, ಅನ್ನುತ್ತಾರೆ. ಎವ್ರಿ ಇಯರ್, ದಟ್ ಡೇ, ಐ ಹ್ಯಾವ್ ದ ಟೈಮ್ ಆಫ್ ಮೈ ಲೈಫ್.” ನೀನಿಲ್ಲದೆ ಬೀದಿ ಬಿಕೋ ಎನ್ನುತ್ತಿತ್ತು ಎಂದು ಆ ಪಂಜಾಬಿ ಆಂಟಿ ಹೇಳುವುದನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿಲ್ಲ. ಆ ಹೊತ್ತಿಗೆ ನಾನು ಕಚೇರಿಯಲ್ಲಿ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕೂತಿರುತ್ತೇನಲ್ಲ.

ಎಲ್ಲರೂ ಚಪ್ಪಾಳೆ ಹೊಡೆದರು. ಮೇಡಂ ಕಣ್ಣಲ್ಲಿ ನೀರಿತ್ತು. “ನೌ ಅಂಕಲ್” ಎಂದರು. ನಾನು ಎದ್ದು ನಿಂತೆ. ಬಚ್ಚಲುಮನೆಯ ವಾಕ್ಯ ಬಾಯಿಗೆ ಬಂದು ‘ವಿ’ ಎನ್ನುವಲ್ಲಿ ನಿಂತುಬಿಟ್ಟಿತು. ನಾವು ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು? “ಮೇಡಂ, ಎಕ್ಸ್‌ಟೆನ್ಷನ್ ಆಫ್ ಟೈಮ್ ಕೊಡಿ” ಎಂದು ಕೂತೆ.

ವಾಪಸಾಗುವಾಗ ಮೆಟ್ರೋದಲ್ಲಿ ಅದೃಷ್ಟಕ್ಕೆ ಇಬ್ಬರಿಗೂ ಸೀಟು ಸಿಕ್ಕಿತು. ಯಮುನೆ ದಾಟುವವರೆಗೂ ನಾನು ಕಿಟಕಿಯಾಚೆ ನೋಡುತ್ತಿದ್ದೆ. ಮೊದಲು ಸಿಟ್ಟು ಬಂದಿತ್ತು, ನನ್ನ ಊರನ್ನು ಮೊಮೊ ಅಂಗಡಿ ಮೇಲೆ ಹರಾಜು ಹಾಕಿದಳಲ್ಲ ಎಂದು. ಆಮೇಲೆ ಅವಮಾನ. ಅದೂ ಇಳಿದ ಮೇಲೆ ಉಳಿದದ್ದು ಬರೀ ದುಃಖ. ಇಷ್ಟು ವರ್ಷ ಪಕ್ಕದಲ್ಲೇ ಇದ್ದವಳ ಸುಖ ಯಾವುದು ಕಷ್ಟ ಯಾವುದು ಎನ್ನುವುದನ್ನು ನಾನು ಪೂರಾ ತಲೆಕೆಳಗು ಹಿಡಿದಿದ್ದೆ.

“ಏನ್ರೀ, ಬಾಯಿಗೆ ಬೀಗ ಬಿತ್ತಾ?” ಎಂದಳು.

“ನಂಗೆ ಯಾಕೆ ಯಾವತ್ತೂ ಹೇಳ್ಲಿಲ್ಲ ನೀನು?”

“ನೀವು ಯಾವತ್ತು ಕೇಳಿದ್ರಿ? ಆ ಹುಡುಗಿ ಕೇಳಿದ್ಲು, ಹೇಳ್ದೆ.”

“ಕೇಳದೆ ಏನು, ಪ್ರತಿ ವರ್ಷ ರೈಲಲ್ಲಿ ಕೇಳ್ತೀನಲ್ಲ.”

“ಏನಂತ ಕೇಳ್ತೀರಾ? ‘ಚೆನ್ನಾಗಿತ್ತು ಅಲ್ವೇನೆ’ ಅಂತೀರಾ. ನಿಮಗೆ ಬೇಕಾಗಿದ್ದು ಹ್ಞೂ, ನಾನು ಹ್ಞೂ ಅಂತೀನಿ. ಅದು ಕೇಳೋದಾ? ಸಹಿ ಹಾಕಿಸ್ಕೊಳ್ಳೋದು. ನಿಮ್ಮ ಊರು ಕೆಟ್ಟದ್ದು ಅಂತಲ್ಲರೀ. ಆ ಊರು ನಾನು ನೋಡೇ ಇಲ್ಲ. ಆ ಕೋಟೆ ಹೇಗಿದೆ ಅಂತಾನೂ ನಂಗೊತ್ತಿಲ್ಲ. ಹೋದಾಗೆಲ್ಲ ಅಡಿಗೆಮನೆ ನೋಡಿದೀನಿ, ಅಷ್ಟೆ. ಸಾಯೋತನಕ ಅಲ್ಲೇ ಇರು ಅಂದ್ರೆ ನಂಗೆ ಹೆದರಿಕೆ ಆಗುತ್ತೆ. ಇಲ್ಲಿ ನಂಗೊಂದು ಕೆಲಸ ಇದೆ, ನಾಲ್ಕು ಜನ ಇದಾರೆ” ಎಂದಳು. ನಮ್ಮ ಎದುರು ಕೂತಿದ್ದ ಹುಡುಗ ಕಿವಿಯಲ್ಲಿದ್ದ ಇಯರ್‌ಫೋನು ತೆಗೆದು ಕೇಳುತ್ತಿದ್ದ. ಕನ್ನಡದವನೋ ಏನೋ, ಯಾರಿಗೆ ಗೊತ್ತು. ನಾನು ತಲೆ ತಗ್ಗಿಸಿ, “ಆಯ್ತು ಮಾರಾಯ್ತಿ, ಮೇಲಿನ ಕೋಣೆ ಬೇಡ” ಎಂದೆ.

ಹೇಳುವುದು ಸುಲಭ. ಶ್ರೀನಾಥನಿಗೆ ಹೇಗೆ ಹೇಳುವುದು? ಅವನು, ಗಿರಿಜ, ಇಬ್ಬರೂ ಎಷ್ಟು ನೊಂದುಕೊಳ್ಳುತ್ತಾರೋ ಎಂದು ಒಂದು ದಿನವೆಲ್ಲ ಒದ್ದಾಡಿದೆ. ಕೊನೆಗೆ ಭಾನುವಾರ ಬೆಳಿಗ್ಗೆ ಧೈರ್ಯ ಮಾಡಿ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. “ನೋಡಪ್ಪಾ ಶ್ರೀನಾಥ, ಬೇಜಾರು ಮಾಡ್ಕೋಬೇಡ. ನಾವು ಇಲ್ಲೇ ಇರೋದು ಅಂತ ಮಾಡಿದೀವಿ. ಮೇಲೆ ಕಟ್ಟಿಸೋದು ಬೇಡ” ಎಂದೆ. ಆ ಕಡೆ ಮೌನ. ಪಾಪ, ಅಳುತ್ತಿದ್ದಾನೇನೋ ಎಂದು ನನ್ನ ಕಣ್ಣೂ ತೇವವಾಯಿತು. ಅಷ್ಟರಲ್ಲಿ ಅವನು ಫೋನು ಪಕ್ಕಕ್ಕೆ ಹಿಡಿದು, “ಲೇ ಗಿರಿಜಾ, ಬರಲ್ವಂತೆ ಕಣೆ!” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಅಡಿಗೆಮನೆಯ ಕಡೆಯಿಂದ ಪಾತ್ರೆಯೊಂದನ್ನು ದಡಾರನೆ ಇಟ್ಟ ಸದ್ದು. ಹಿಂದೆಯೇ ಗಿರಿಜಳ ಧ್ವನಿ: “ಅಯ್ಯೋ ದೇವ್ರೇ, ಹೊಟ್ಟೇಲಿ ಹಾಲು ಹುಯ್ದಂಗಾಯ್ತು! ಒಂದು ತಿಂಗಳಿಗೇ ನನ್ನ ಸೊಂಟ ಬಿದ್ದೋಗುತ್ತೆ, ಇನ್ನು ವರ್ಷವೆಲ್ಲಾ ಭಾವ ಜಗಲಿ ಮೇಲೆ ಕೂತ್ರೆ ನಾನು ತವರುಮನೆಗೆ ಹೋಗೋಳಿದ್ದೆ!” ಶ್ರೀನಾಥ ಮತ್ತೆ ಫೋನಿಗೆ ಬಂದು, “ತುಂಬಾ ಬೇಜಾರಾಯ್ತು ಅಣ್ಣ” ಎಂದ. ನನ್ನ ತಮ್ಮ ಸಭ್ಯಸ್ಥ. ನಾನೂ “ಹೌದಪ್ಪಾ, ಏನು ಮಾಡೋದು” ಎಂದು ಇಟ್ಟೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ನಾನು ಚಿಕ್ಕಂದಿನಿಂದ ಹೇಳುತ್ತ ಬಂದಿದ್ದೇನೆ. ಬೆಕ್ಕು ನಾನೇ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಶಾರದಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಗಬಾರದು ಎಂದು ತುಟಿ ಕಚ್ಚಿ ಹಿಡಿದಿದ್ದವಳು ಹಿಡಿಯಲಾರದೆ ಗೋಡೆಗೆ ಒರಗಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಕಂಡು ಎಷ್ಟೋ ಕಾಲವಾಗಿತ್ತು. ನನಗೆ ಸಿಟ್ಟು ಬರಲಿಲ್ಲ, ಅದೇ ಆಶ್ಚರ್ಯ. ಅಂದು ನಾನೇ ಅಡಿಗೆಮನೆಗೆ ಹೋಗಿ ಇಬ್ಬರಿಗೂ ಕಾಫಿ ಮಾಡಿದೆ. ಕುಡಿದು ನೋಡಿ, “ಇದನ್ನ ಕುಡಿಯೋದೂ ಒಂದು ಹಾರ್ಡ್ ಟೈಮೇ” ಎಂದಳು.

ಮುಂದಿನ ಕ್ಲಾಸಿನಲ್ಲಿ ಮೇಡಂ ನನ್ನನ್ನು ಮರೆಯಲಿಲ್ಲ. “ಅಂಕಲ್, ನಿಮ್ಮದು ಬಾಕಿ ಇದೆ. ಒಂದು ಒಳ್ಳೆಯ ಅನುಭವ, ಒಂದು ಕೆಟ್ಟ ಅನುಭವ” ಎಂದರು. ಎದ್ದು ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಶಾರದಾಳೂ ತಿರುಗಿದಳು. ಗಂಟಲು ಸರಿಮಾಡಿಕೊಂಡು, ಇಷ್ಟು ವರ್ಷದ ಸರ್ವಿಸಿನಲ್ಲಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ ಹೇಳಿದೆ, ಎರಡನೆಯ ವಾಕ್ಯವನ್ನಷ್ಟೇ ಇಲ್ಲಿ ಕನ್ನಡಕ್ಕೆ ತಂದಿದ್ದೇನೆ: “ಮೇಡಂ, ಐ ಹ್ಯಾಡ್ ಎ ಗುಡ್ ಟೈಮ್ ಥ್ರೂಔಟ್. ಈ ಅವಧಿಯಲ್ಲಿ ಮಿಕ್ಕವರ ಟೈಮ್ ಹೇಗಿತ್ತು ಎಂಬುದರ ಬಗ್ಗೆ ವಿಚಾರಣೆ ಈಗಷ್ಟೇ ಆರಂಭವಾಗಿದೆ.”